ಅಕ್ಷಾಂಶ, ರೇಖಾಂಶ, ಅರ್ಧಗೋಳ: ದಾವಣಗೆರೆ–ದುರ್ಗದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇಜಿನ ಮೇಲೆ ಗ್ಲೋಬ್ ಇದ್ದರೆ ಸಾಕು, ಬಂದವರು ಒಂದು ಸಲ ತಿರುಗಿಸದೆ ಹೋಗುವುದಿಲ್ಲ. ತಿರುಗಿಸಿದ ಮೇಲೆ ಒಂದು ಪ್ರಶ್ನೆಯನ್ನೂ ಕೇಳದೆ ಹೋಗುವುದಿಲ್ಲ. ಆರನೇ ಕ್ಲಾಸಿನ ಮಕ್ಕಳು, ಪಿಡಿಒ ಪರೀಕ್ಷೆಗೆ ಓದುವವರು, ಹೊಲದ ಫೋಟೋದ ಕೆಳಗೆ ನಂಬರ್ ನೋಡಿ ತಲೆ ಕೆರೆದುಕೊಂಡವರು, ಹೀಗೆ ಎಲ್ಲರಿಂದ ಬಂದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವುದು ಆಮೇಲೆ. ಬೇಕಾದ ಪ್ರಶ್ನೆಯೊಂದನ್ನೇ ಓದಿದರೂ ನಡೆಯುತ್ತದೆ.

## ಮೊದಲ ಮೆಟ್ಟಿಲು

ಅಕ್ಷಾಂಶ ಯಾವುದು, ರೇಖಾಂಶ ಯಾವುದು? ಪ್ರತಿ ಸಲ ಅದಲು ಬದಲು ಆಗುತ್ತೆ ಸರ್.

ಸಿಹಿ ಕುಂಬಳಕಾಯಿಯ ಮೈ ಮೇಲೆ ತೊಟ್ಟಿನಿಂದ ಕೆಳಗಿನ ತುದಿಯವರೆಗೆ ಗೆರೆಗಳು ಇರುತ್ತವಲ್ಲ, ರೇಖಾಂಶ ಹಾಗೆ. ಎಲ್ಲ ರೇಖಾಂಶಗಳೂ ಉತ್ತರ ಧ್ರುವದಲ್ಲಿ ಸೇರುತ್ತವೆ, ದಕ್ಷಿಣ ಧ್ರುವದಲ್ಲಿ ಮತ್ತೆ ಸೇರುತ್ತವೆ. ನಡುವೆ ಅಗಲವಾಗಿ ಹರಡಿಕೊಳ್ಳುತ್ತವೆ. ಅದೇ ಕಾಯನ್ನು ಅಡ್ಡಡ್ಡ ಹೋಳು ಮಾಡಿದರೆ ಬರುವ ಅಂಚುಗಳು ಅಕ್ಷಾಂಶಗಳು. ಅವು ಒಂದಕ್ಕೊಂದು ತಾಗುವುದೇ ಇಲ್ಲ. ನಡುವಿನ ಹೋಳು ದೊಡ್ಡದು, ತುದಿಯ ಹೋಳು ಚಿಕ್ಕದು.

ಕೆಲಸ ಏನು ಅಂತ ನೆನಪಿಟ್ಟರೆ ಗೊಂದಲ ಕಡಿಮೆ. ಊರು ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕಿದೆ ಅಂತ ಹೇಳುವುದು ಅಕ್ಷಾಂಶ. ಎಷ್ಟು ಪೂರ್ವಕ್ಕೆ ಅಥವಾ ಪಶ್ಚಿಮಕ್ಕಿದೆ ಅಂತ ಹೇಳುವುದು ರೇಖಾಂಶ. ಎರಡೂ ಸೇರಿದರೆ ಊರಿನ ವಿಳಾಸ.

ಅರ್ಧಗೋಳ ಎರಡಾ, ನಾಲ್ಕಾ? ಪುಸ್ತಕದಲ್ಲಿ ನಾಲ್ಕು ಹೆಸರು ಕೊಟ್ಟಿದ್ದಾರೆ.

ಹೆಸರು ನಾಲ್ಕು, ಆದರೆ ಒಂದು ಸಲ ಕತ್ತರಿಸಿದರೆ ಸಿಗುವುದು ಎರಡೇ. ಸಮಭಾಜಕ ವೃತ್ತದ ಗುಂಟ ಭೂಮಿಯನ್ನು ಕತ್ತರಿಸಿದರೆ ಉತ್ತರಾರ್ಧಗೋಳ, ದಕ್ಷಿಣಾರ್ಧಗೋಳ. ಸೊನ್ನೆ ಡಿಗ್ರಿ ರೇಖಾಂಶ ಮತ್ತು ಅದರ ಬೆನ್ನ ಹಿಂದಿನ 180 ಡಿಗ್ರಿ ರೇಖಾಂಶದ ಗುಂಟ ಕತ್ತರಿಸಿದರೆ ಪೂರ್ವಾರ್ಧಗೋಳ, ಪಶ್ಚಿಮಾರ್ಧಗೋಳ. ಹಾಗಾಗಿ ಯಾವುದೇ ಊರು ಏಕಕಾಲಕ್ಕೆ ಎರಡು ಅರ್ಧಗೋಳಗಳಲ್ಲಿ ಇರುತ್ತದೆ.

ಈ ಎರಡು ಕತ್ತರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅದನ್ನು ಸಾಮಾನ್ಯವಾಗಿ ಯಾರೂ ಬಿಡಿಸಿ ಹೇಳುವುದಿಲ್ಲ. ಭೂಮಿ ಬುಗುರಿಯಂತೆ ತಿರುಗುತ್ತಿದೆ. ತಿರುಗುವ ಅಕ್ಷದ ಎರಡು ತುದಿ ಧ್ರುವಗಳಾದವು, ಅವುಗಳ ಸರಿ ನಡುವೆ ಸಮಭಾಜಕ ವೃತ್ತ ಬಂತು. ಅದನ್ನು ಯಾರೂ ಕೂತು ಆರಿಸಲಿಲ್ಲ. ಮನುಷ್ಯರೇ ಇಲ್ಲದಿದ್ದರೂ ಅದು ಅಲ್ಲೇ ಇರುತ್ತಿತ್ತು. ಸೊನ್ನೆ ರೇಖಾಂಶ ಹಾಗಲ್ಲ. ಎಲ್ಲ ರೇಖಾಂಶಗಳೂ ಒಂದೇ ಉದ್ದ, ಒಂದೇ ಆಕಾರ. ಅವುಗಳಲ್ಲಿ ಒಂದನ್ನು ಜನ ಸೇರಿ ಸೊನ್ನೆ ಅಂತ ಒಪ್ಪಿಕೊಂಡರು. ಉತ್ತರ–ದಕ್ಷಿಣ ನಿಸರ್ಗದ ಪಾಲು, ಪೂರ್ವ–ಪಶ್ಚಿಮ ಮನುಷ್ಯರ ಪಂಚಾಯ್ತಿ.

ನಮ್ಮ ದಾವಣಗೆರೆ ಯಾವ ಅರ್ಧಗೋಳಕ್ಕೆ ಸೇರುತ್ತೆ? ದುರ್ಗ?

ಎರಡೂ ಉತ್ತರ ಮತ್ತು ಪೂರ್ವ. ದಾವಣಗೆರೆ ಸುಮಾರು 14.46 ಡಿಗ್ರಿ ಉತ್ತರ ಅಕ್ಷಾಂಶ, 75.92 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಚಿತ್ರದುರ್ಗ ಸುಮಾರು 14.23 ಡಿಗ್ರಿ ಉತ್ತರ, 76.40 ಡಿಗ್ರಿ ಪೂರ್ವ. ಅಂದರೆ ದುರ್ಗ ನಮಗಿಂತ ಸ್ವಲ್ಪ ದಕ್ಷಿಣಕ್ಕೆ, ಇನ್ನೂ ಜಾಸ್ತಿ ಪೂರ್ವಕ್ಕೆ.

ಇಡೀ ಭಾರತ ಇದೇ ಕಾಲು ಭಾಗದಲ್ಲಿದೆ. ಒಂದು ಚೂರೂ ಹೊರಗಿಲ್ಲ. ನಮ್ಮ ದೇಶದ ದಕ್ಷಿಣದ ಕೊನೆ ನಿಕೋಬಾರಿನ ಇಂದಿರಾ ಪಾಯಿಂಟ್, ಅದು 6 ಡಿಗ್ರಿ 45 ನಿಮಿಷ ಉತ್ತರದಲ್ಲಿದೆ. ಅಲ್ಲಿಂದಲೂ ಸಮಭಾಜಕ ವೃತ್ತ ಸುಮಾರು 750 ಕಿಲೋಮೀಟರ್ ದೂರ. ದಾವಣಗೆರೆಯಿಂದ ನೇರ ದಕ್ಷಿಣಕ್ಕೆ ಹೊರಟರೆ ಸುಮಾರು 1,600 ಕಿಲೋಮೀಟರ್ ಆದ ಮೇಲೆ ದಕ್ಷಿಣಾರ್ಧಗೋಳ ಸಿಗುತ್ತದೆ, ಅದೂ ಸಮುದ್ರದ ನಡುವೆ.

ಒಟ್ಟು ಎಷ್ಟು ಅಕ್ಷಾಂಶ, ಎಷ್ಟು ರೇಖಾಂಶ? ಪರೀಕ್ಷೆಗೆ ಏನು ಬರೀಬೇಕು?

ಒಂದೊಂದು ಡಿಗ್ರಿಗೆ ಒಂದರಂತೆ ಎಣಿಸಿದರೆ ಅಕ್ಷಾಂಶ 181: ಉತ್ತರಕ್ಕೆ 90, ದಕ್ಷಿಣಕ್ಕೆ 90, ನಡುವೆ ಸಮಭಾಜಕ ವೃತ್ತ. ಇವುಗಳಲ್ಲಿ ಎರಡು ಧ್ರುವಗಳು ಬರೀ ಚುಕ್ಕಿಗಳು, ವೃತ್ತಗಳಲ್ಲ. ರೇಖಾಂಶ 360. ಪೂರ್ವದ 180, ಪಶ್ಚಿಮದ 180 ಎರಡೂ ಒಂದೇ ಗೆರೆ ಆಗಿರುವುದರಿಂದ 361 ಆಗುವುದಿಲ್ಲ. ಪರೀಕ್ಷೆಗೆ ಇಷ್ಟು ಸಾಕು. ನಿಜ ಹೇಳಬೇಕೆಂದರೆ ಎರಡು ಗೆರೆಗಳ ನಡುವೆ ಇನ್ನೆಷ್ಟು ಬೇಕಾದರೂ ಗೆರೆ ಎಳೆಯಬಹುದು.

ಸಮಭಾಜಕ ವೃತ್ತದ ಮೇಲೆ ನಿಜವಾಗ್ಲೂ ಗೆರೆ ಎಳೆದಿದ್ದಾರಾ?

ಕೆಲವು ಕಡೆ ಎಳೆದಿದ್ದಾರೆ, ಪ್ರವಾಸಿಗಳಿಗೋಸ್ಕರ. ಈ ವೃತ್ತ ಈಕ್ವೆಡಾರ್, ಕೊಲಂಬಿಯಾ, ಬ್ರೆಜಿಲ್, ಗ್ಯಾಬೊನ್, ಕಾಂಗೊ, ಉಗಾಂಡಾ, ಕೀನ್ಯಾ, ಸೊಮಾಲಿಯಾ, ಇಂಡೋನೇಷ್ಯಾ ಮೊದಲಾದ ದೇಶಗಳ ಮೇಲೆ ಹಾದುಹೋಗುತ್ತದೆ. ಉಗಾಂಡಾದಲ್ಲಿ ಹೆದ್ದಾರಿ ಪಕ್ಕದಲ್ಲೇ ಗುರುತು ಇದೆ. ಈಕ್ವೆಡಾರ್‌ನಲ್ಲಿ ಕ್ವಿಟೊ ನಗರದ ಹತ್ತಿರ ದೊಡ್ಡ ಸ್ಮಾರಕವನ್ನೇ ಕಟ್ಟಿ ಹಳದಿ ಗೆರೆ ಎಳೆದಿದ್ದಾರೆ. ಜನ ಎರಡು ಕಾಲು ಎರಡು ಕಡೆ ಇಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ತಮಾಷೆ ಏನಂದ್ರೆ, ಜಿಪಿಎಸ್ ಬಂದ ಮೇಲೆ ಅಳೆದರೆ ನಿಜವಾದ ಸಮಭಾಜಕ ವೃತ್ತ ಆ ಗೆರೆಯಿಂದ ಸುಮಾರು 240 ಮೀಟರ್ ಉತ್ತರಕ್ಕಿದೆ. ಫೋಟೋದಲ್ಲಿ ಎರಡೂ ಕಾಲು ದಕ್ಷಿಣಾರ್ಧಗೋಳದಲ್ಲೇ!

## ಫೋನಿನಲ್ಲಿ ಕಾಣುವ ನಂಬರ್

ಬೆಳೆ ಸಮೀಕ್ಷೆಗೆ ಮೆಕ್ಕೆಜೋಳದ ಹೊಲದ ಫೋಟೋ ತೆಗೆದ್ರೆ ಕೆಳಗೆ 14 ಪಾಯಿಂಟ್ ಏನೋ, 75 ಪಾಯಿಂಟ್ ಏನೋ ಬರುತ್ತೆ. ಏನದು?

ನೀವು ನಿಂತ ಜಾಗದ ಅಕ್ಷಾಂಶ, ರೇಖಾಂಶ. ಮೊದಲು ಬರುವುದು ಅಕ್ಷಾಂಶ, ಎರಡನೆಯದು ರೇಖಾಂಶ. ಫೋಟೋ ಅದೇ ಹೊಲದ್ದು, ಪಕ್ಕದವರದ್ದಲ್ಲ ಅಂತ ಗೊತ್ತಾಗಲಿ ಅನ್ನುವುದಕ್ಕೆ ಇದನ್ನು ಕೇಳುತ್ತಾರೆ. ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುವುದೂ ಇದೇ ಎರಡು ನಂಬರ್ ಹಿಡಿದುಕೊಂಡೇ.

ಪಾಯಿಂಟ್ ಆದಮೇಲಿನ ಅಂಕಿಗಳಲ್ಲೇ ಇರುವುದು ಮಜಾ. ಒಂದು ಡಿಗ್ರಿ ಅಕ್ಷಾಂಶ ಅಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ಪಾಯಿಂಟ್ ಆದಮೇಲೆ ಎರಡು ಅಂಕಿ ಇದ್ದರೆ ಸುಮಾರು ಒಂದು ಕಿಲೋಮೀಟರ್ ಲೆಕ್ಕಕ್ಕೆ ಜಾಗ ಗೊತ್ತಾಗುತ್ತದೆ, ಅಂದರೆ ಹಳ್ಳಿ ಗೊತ್ತಾಯಿತು, ಹೊಲ ಗೊತ್ತಾಗಲಿಲ್ಲ. ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರ್. ಐದು ಇದ್ದರೆ ಒಂದು ಮೀಟರ್ ಆಸುಪಾಸು. ಫೋನ್ ಆರೇಳು ಅಂಕಿ ತೋರಿಸಿದರೂ ಸುಮ್ನೆ ನಂಬಬೇಡಿ. ಅದರ ಅಳತೆಯಲ್ಲೇ ಕೆಲವು ಮೀಟರ್ ಹೆಚ್ಚು ಕಡಿಮೆ ಇರುತ್ತದೆ, ಮರದ ಕೆಳಗೆ ನಿಂತರೆ ಇನ್ನೂ ಜಾಸ್ತಿ. ಅಡಿಕೆ ತೋಟದವರು ಬಯಲಿಗೆ ಬಂದು ಸ್ವಲ್ಪ ಹೊತ್ತು ನಿಂತು ಫೋಟೋ ತೆಗೆಯುವುದು ಒಳ್ಳೆಯದು.

ಹಳೆಯ ನಕ್ಷೆಗಳಲ್ಲಿ ಡಿಗ್ರಿ, ನಿಮಿಷ, ಸೆಕೆಂಡ್ ಅಂತ ಇರುತ್ತದೆ. ಒಂದು ಡಿಗ್ರಿಗೆ 60 ನಿಮಿಷ, ಒಂದು ನಿಮಿಷಕ್ಕೆ 60 ಸೆಕೆಂಡ್. 14.46ರಲ್ಲಿ ಪಾಯಿಂಟ್ 46 ಅನ್ನು 60ರಿಂದ ಗುಣಿಸಿದರೆ 27.6. ಅಂದರೆ 14 ಡಿಗ್ರಿ 27 ನಿಮಿಷ 36 ಸೆಕೆಂಡ್. 14 ಡಿಗ್ರಿ 46 ನಿಮಿಷ ಅಂತ ಬರೆದರೆ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಉತ್ತರಕ್ಕೆ ಹೋಗಿಬಿಡುತ್ತೀರಿ.

ನಂಬರ್ ಹಿಂದೆ ಮುಂದೆ ಆದ್ರೆ, ಇಲ್ಲಾ ಮೈನಸ್ ಬಿದ್ರೆ ಏನಾಗುತ್ತೆ?

ಅರ್ಧಗೋಳ ಅಂದರೆ ಏನು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಆಟ ಇಲ್ಲ. ಫೋನಿನ ನಕ್ಷೆಯಲ್ಲಿ ಉತ್ತರ ಮತ್ತು ಪೂರ್ವಕ್ಕೆ ಪ್ಲಸ್ ಲೆಕ್ಕ, ದಕ್ಷಿಣ ಮತ್ತು ಪಶ್ಚಿಮಕ್ಕೆ ಮೈನಸ್. ಹುಡುಕುವ ಜಾಗದಲ್ಲಿ 14.46, 75.92 ಅಂತ ಹಾಕಿ. ದಾವಣಗೆರೆ ಬರುತ್ತದೆ.

ಈಗ ಮೊದಲ ನಂಬರಿಗೆ ಮೈನಸ್ ಹಾಕಿ. ದಕ್ಷಿಣಾರ್ಧಗೋಳಕ್ಕೆ ಜಿಗಿದಿರಿ. ಹಿಂದೂ ಮಹಾಸಾಗರದ ನಡುವೆ, ಡಿಯಾಗೊ ಗಾರ್ಸಿಯಾ ದ್ವೀಪಕ್ಕಿಂತಲೂ ದಕ್ಷಿಣಕ್ಕೆ. ಸುತ್ತ ನೀರು ಬಿಟ್ಟು ಏನೂ ಇಲ್ಲ. ಆ ಮೈನಸ್ ತೆಗೆದು ಎರಡನೇ ನಂಬರಿಗೆ ಹಾಕಿ. ಪಶ್ಚಿಮಾರ್ಧಗೋಳ, ಕೆರಿಬಿಯನ್ ಸಮುದ್ರ, ಮೇಲೆ ಜಮೈಕಾ, ಕೆಳಗೆ ಕೊಲಂಬಿಯಾ. ಎರಡಕ್ಕೂ ಮೈನಸ್ ಹಾಕಿದರೆ ದಕ್ಷಿಣ ಅಮೆರಿಕದ ಪೆರು ದೇಶ, ಇಕಾ ನಗರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಕಡಲಿಗೆ ಹತ್ತಿರದ ಮರುಭೂಮಿ. ಅದೇ ಎರಡು ನಂಬರ್, ನಾಲ್ಕು ಕಾಲು ಭಾಗ, ನಾಲ್ಕು ಲೋಕ.

ಇನ್ನು ನಂಬರ್ ಅದಲು ಬದಲಾದರೆ? 75.92 ಉತ್ತರ, 14.46 ಪೂರ್ವ. ನಾರ್ವೆಗೂ ಉತ್ತರಕ್ಕೆ, ಸ್ವಾಲ್‌ಬಾರ್ಡ್ ದ್ವೀಪಗಳ ದಕ್ಷಿಣದ ತುದಿಯಿಂದ ನೂರು ಕಿಲೋಮೀಟರ್ ಒಳಗೆ, ಕೊರೆಯುವ ಸಮುದ್ರ. ಅರ್ಜಿಯಲ್ಲಿ ನಂಬರ್ ತುಂಬುವಾಗ ಎರಡು ಸಲ ನೋಡಿ ಅನ್ನುವುದು ಇದಕ್ಕೇ.

ದಾವಣಗೆರೆಯಿಂದ ನೇರ ಕೆಳಗೆ ತೂತು ಕೊರೆದ್ರೆ ಅಮೆರಿಕ ಸಿಗುತ್ತಂತೆ, ಹೌದಾ?

ಇಲ್ಲ. ಪೆಸಿಫಿಕ್ ಸಾಗರ ಸಿಗುತ್ತದೆ. ಲೆಕ್ಕ ಸುಲಭ. ಅಕ್ಷಾಂಶದ ದಿಕ್ಕು ಬದಲಿಸಿ: 14.46 ದಕ್ಷಿಣ. 180ರಿಂದ ರೇಖಾಂಶ ಕಳೆದು ದಿಕ್ಕು ಬದಲಿಸಿ: 104.08 ಪಶ್ಚಿಮ. ಪೆರುವಿನ ಲಿಮಾ ನಗರದಿಂದ ಪಶ್ಚಿಮಕ್ಕೆ ಸುಮಾರು 3,000 ಕಿಲೋಮೀಟರ್ ದೂರದ ನಡುನೀರು ಅದು. ನಮಗೆ ಉತ್ತರ–ಪೂರ್ವ ಆದರೆ ಆ ಜಾಗಕ್ಕೆ ದಕ್ಷಿಣ–ಪಶ್ಚಿಮ.

## ಬಿಸಿಲು, ನೆರಳು, ನಕ್ಷತ್ರ

ನಮ್ಮಲ್ಲಿ ಸೂರ್ಯ ನಡುನೆತ್ತಿಗೆ ಬರೋದು ಯಾವಾಗ? ನೆರಳೇ ಇರಲ್ಲ ಅಂತಾರಲ್ಲ.

ವರ್ಷಕ್ಕೆ ಎರಡು ಸಲ. ಸೂರ್ಯ ಉತ್ತರಕ್ಕೆ 23.5 ಡಿಗ್ರಿವರೆಗೆ, ಅಂದರೆ ಕರ್ಕಾಟಕ ಸಂಕ್ರಾಂತಿ ವೃತ್ತದವರೆಗೆ ಹೋಗಿ ಬರುತ್ತಾನೆ. ದಕ್ಷಿಣಕ್ಕೆ ಮಕರ ಸಂಕ್ರಾಂತಿ ವೃತ್ತದವರೆಗೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ನಮ್ಮ 14.46 ಡಿಗ್ರಿಯ ಮೇಲೆ ಹಾಯುತ್ತಾನೆ. ದಾವಣಗೆರೆಗೆ ಅದು ಏಪ್ರಿಲ್ 29ರ ಹೊತ್ತಿಗೆ ಮತ್ತು ಆಗಸ್ಟ್ 14ರ ಹೊತ್ತಿಗೆ ಬರುತ್ತದೆ. ದುರ್ಗಕ್ಕೆ ಏಪ್ರಿಲ್‌ನಲ್ಲಿ ಸುಮಾರು ಒಂದು ದಿನ ಮೊದಲು, ಆಗಸ್ಟ್‌ನಲ್ಲಿ ಸುಮಾರು ಒಂದು ದಿನ ತಡ.

ನೋಡುವುದು ಹೇಗೆ? ತಾರಸಿಯ ಮೇಲೆ ಸಮತಟ್ಟಾದ ಜಾಗದಲ್ಲಿ ಸ್ಟೀಲ್ ಲೋಟ ಬೋರಲು ಹಾಕಿದರೆ ಅದರ ಅಂಚು ಓರೆ ಇರುವುದರಿಂದ ಮೋಸ ಹೋಗುತ್ತೀರಿ. ನೆಟ್ಟಗಿರುವ ಪಿವಿಸಿ ಪೈಪಿನ ತುಂಡು ಒಳ್ಳೆಯದು. ಏಪ್ರಿಲ್‌ನಲ್ಲಿ 12 ಗಂಟೆ 15 ನಿಮಿಷಕ್ಕೆ ನೆರಳು ಪಶ್ಚಿಮದ ಕಡೆ ಚೂರೇ ಚೂರು ಚಾಚಿರುತ್ತದೆ. 12 ಗಂಟೆ 24 ನಿಮಿಷದ ಹೊತ್ತಿಗೆ ಪೈಪಿನ ಬುಡದೊಳಗೆ ಸೇರಿಹೋಗುತ್ತದೆ. ಆಮೇಲೆ ಪೂರ್ವದ ಕಡೆ ಹೊರಬರುತ್ತದೆ. ಆಗಸ್ಟ್‌ನಲ್ಲಿ ಇದು 12 ಗಂಟೆ 31 ನಿಮಿಷಕ್ಕೆ, ಮೋಡ ಬಿಟ್ಟುಕೊಟ್ಟರೆ.

ಈ ಎರಡು ದಿನಗಳ ನಡುವೆ, ಅಂದರೆ ಮೇ, ಜೂನ್, ಜುಲೈನಲ್ಲಿ ನಮ್ಮ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉಳಿದ ತಿಂಗಳುಗಳಲ್ಲಿ ಉತ್ತರಕ್ಕೆ. ದೆಹಲಿಯವರಿಗೆ ಈ ಭಾಗ್ಯ ಇಲ್ಲ. ಅವರು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಮೇಲಿದ್ದಾರೆ, ಅಲ್ಲಿ ಸೂರ್ಯ ನಡುನೆತ್ತಿಗೆ ಬರುವುದೇ ಇಲ್ಲ.

ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕ್ರಿಕೆಟ್ ನೋಡಿದ್ರೆ ಎಲ್ಲರೂ ಟೋಪಿ ಹಾಕ್ಕೊಂಡು ಬಿಸಿಲಲ್ಲಿ ಕೂತಿರ್ತಾರೆ. ನಮಗೆ ಚಳಿ, ಅವರಿಗೆ ಯಾಕೆ ಬೇಸಿಗೆ?

ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿದೆ. ಸೂರ್ಯನ ಸುತ್ತ ಹೋಗುವಾಗ ಆ ವಾಲು ಒಂದೇ ಕಡೆಗೆ ಇರುತ್ತದೆ. ಜೂನ್‌ನಲ್ಲಿ ಉತ್ತರಾರ್ಧಗೋಳ ಸೂರ್ಯನ ಕಡೆ ಬಾಗಿರುತ್ತದೆ, ಡಿಸೆಂಬರ್‌ನಲ್ಲಿ ದಕ್ಷಿಣಾರ್ಧಗೋಳ. ಅವರ ಬೇಸಿಗೆ ನಮ್ಮ ಚಳಿಗಾಲ. ದೂರಕ್ಕೂ ಇದಕ್ಕೂ ಸಂಬಂಧ ಇಲ್ಲ. ಭೂಮಿ ಸೂರ್ಯನಿಗೆ ತುಂಬ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ನಾವು ಸ್ವೆಟರ್ ಹಾಕಿಕೊಂಡಿರುವಾಗ.

ಸಮಭಾಜಕ ವೃತ್ತಕ್ಕೆ ಹತ್ತಿರ ಇರುವುದರಿಂದ ನಮ್ಮಲ್ಲಿ ಈ ಏರುಪೇರು ಕಡಿಮೆ. ದಾವಣಗೆರೆಯಲ್ಲಿ ಜೂನ್ 21ರ ಹಗಲು ಸುಮಾರು 13 ಗಂಟೆ, ಡಿಸೆಂಬರ್ 21ರ ಹಗಲು ಸುಮಾರು 11 ಗಂಟೆ 15 ನಿಮಿಷ. ನಮ್ಮ ಬೇಸಿಗೆ ಜೂನ್‌ಗೆ ಬದಲು ಏಪ್ರಿಲ್–ಮೇಗೆ ಬರುವುದಕ್ಕೆ ಸೂರ್ಯ ಆಗಲೇ ನೆತ್ತಿಗೆ ಬಂದಿರುವುದು ಒಂದು ಕಾರಣ, ಜೂನ್‌ನಲ್ಲಿ ಮುಂಗಾರು ಮೋಡ ಬಂದು ಮುಚ್ಚುವುದು ಇನ್ನೊಂದು.

ದುರ್ಗದ ಕೋಟೆ ಮೇಲಿಂದ ಧ್ರುವ ನಕ್ಷತ್ರ ಹುಡುಕಿದ್ವಿ. ಅಷ್ಟು ಕೆಳಗೆ ಯಾಕಿದೆ?

ಅದು ಇರಬೇಕಾದ ಜಾಗದಲ್ಲೇ ಇದೆ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ನಿಮ್ಮ ಅಕ್ಷಾಂಶ ಹೆಚ್ಚುಕಡಿಮೆ ಅಷ್ಟೇ. ಕೈ ನೇರ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ನಮ್ಮಲ್ಲಿ ಉತ್ತರ ದಿಗಂತದಿಂದ ಒಂದೂವರೆ ಮುಷ್ಟಿಗಿಂತ ಚೂರು ಕೆಳಗೆ ನೋಡಿ. ಶ್ರೀನಗರದಲ್ಲಿ ಮೂರೂವರೆ ಮುಷ್ಟಿ ಎತ್ತರ. ಕನ್ಯಾಕುಮಾರಿಯಲ್ಲಿ ಒಂದು ಮುಷ್ಟಿಗೂ ಕಡಿಮೆ. ಸಮಭಾಜಕ ವೃತ್ತ ದಾಟಿದರೆ ಮುಳುಗಿತು, ದಕ್ಷಿಣಾರ್ಧಗೋಳದವರಿಗೆ ಕಾಣುವುದಿಲ್ಲ.

ಕೋಟೆಯಿಂದ ನೋಡುವಾಗ ಎದುರಿಗೆ ಬಂಡೆಯ ಸಾಲು ಅಡ್ಡ ಇದ್ದರೆ ದಿಗಂತವೇ ಮೇಲೆ ಬಂದಂತೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಊರಿನ ದೀಪಗಳ ಮಬ್ಬೂ ಇರುತ್ತದೆ.

ಕೆಳಗಿದ್ದರೂ ನಮಗೆ ನಷ್ಟವೇನಿಲ್ಲ. ದಕ್ಷಿಣದ ಆಕಾಶ ನಮಗೆ ಬೇಕಾದಷ್ಟು ಕಾಣುತ್ತದೆ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ರಾತ್ರಿ ಹತ್ತರ ಸುಮಾರಿಗೆ ದಕ್ಷಿಣಕ್ಕೆ ತಿರುಗಿ ನಿಂತರೆ ತ್ರಿಶಂಕು ನಕ್ಷತ್ರಪುಂಜ ಒಂದೂವರೆ ಮುಷ್ಟಿ ಎತ್ತರದಲ್ಲಿ ಇರುತ್ತದೆ. ಆಸ್ಟ್ರೇಲಿಯಾದ ಬಾವುಟದ ಮೇಲೆ ಇರುವುದು ಅದೇ. ಲಂಡನ್ನಿನವರು ಅದನ್ನು ತಮ್ಮ ಊರಿನಿಂದ ನೋಡಲಾರರು.

ಸಿಂಕಿನಲ್ಲಿ ನೀರು ಬಿಟ್ರೆ ಉತ್ತರಾರ್ಧಗೋಳದಲ್ಲಿ ಒಂದು ಕಡೆ, ದಕ್ಷಿಣಾರ್ಧಗೋಳದಲ್ಲಿ ಇನ್ನೊಂದು ಕಡೆ ಸುತ್ತುತ್ತಂತಲ್ಲ?

ಸಿಂಕಿಗೆ ಸುಳ್ಳು, ಚಂಡಮಾರುತಕ್ಕೆ ನಿಜ. ಭೂಮಿ ತಿರುಗುವುದರಿಂದ ಚಲಿಸುವ ಗಾಳಿ ಉತ್ತರಾರ್ಧಗೋಳದಲ್ಲಿ ಬಲಕ್ಕೆ, ದಕ್ಷಿಣಾರ್ಧಗೋಳದಲ್ಲಿ ಎಡಕ್ಕೆ ವಾಲುತ್ತದೆ. ನೂರಾರು ಕಿಲೋಮೀಟರ್ ಅಗಲದ ಬಿರುಗಾಳಿಯಲ್ಲಿ ಇದು ಎದ್ದು ಕಾಣುತ್ತದೆ. ಬಂಗಾಳ ಕೊಲ್ಲಿಯ ಚಂಡಮಾರುತಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತವೆ, ಮಡಗಾಸ್ಕರ್ ಕಡೆಯವು ಮುಳ್ಳಿನ ದಿಕ್ಕಿನಲ್ಲಿ. ಸಿಂಕಿನ ನೀರು ಮಾತ್ರ ನಲ್ಲಿ ಯಾವ ಕಡೆ ಇದೆ, ತೂತು ಹೇಗಿದೆ ಅನ್ನುವುದನ್ನಷ್ಟೇ ಕೇಳುತ್ತದೆ.

## ಪೂರ್ವ–ಪಶ್ಚಿಮದ ತಕರಾರು

ಸೊನ್ನೆ ರೇಖಾಂಶ ಇಂಗ್ಲೆಂಡಿನ ಗ್ರೀನಿಚ್‌ನಲ್ಲೇ ಯಾಕೆ? ನಮ್ಮವರಿಗೆ ಒಂದು ಗೆರೆ ಇರಲಿಲ್ವಾ?

ಇತ್ತು. ಅದು ನಮ್ಮ ಹರಿಹರದ ಪಕ್ಕದಲ್ಲೇ ಹಾದುಹೋಗುತ್ತಿತ್ತು ಅಂದರೆ ನಂಬುತ್ತೀರಾ?

ಸೂರ್ಯಸಿದ್ಧಾಂತದಂಥ ಹಳೆಯ ಜ್ಯೋತಿಷ ಗ್ರಂಥಗಳು ಉಜ್ಜಯಿನಿಯ ಮೇಲೆ ಹಾಯುವ ಗೆರೆಯನ್ನೇ ಮೊದಲ ಗೆರೆ ಅಂತ ಹಿಡಿದಿದ್ದವು. ದಕ್ಷಿಣದಲ್ಲಿ ಲಂಕೆ, ಅಲ್ಲಿಂದ ಉಜ್ಜಯಿನಿ, ಕುರುಕ್ಷೇತ್ರದ ಮೇಲೆ ಮೇರುವಿಗೆ, ಅಂದರೆ ಉತ್ತರ ಧ್ರುವಕ್ಕೆ. ಈ ಲಂಕೆ ಈಗಿನ ಶ್ರೀಲಂಕಾ ಅಲ್ಲ, ಲೆಕ್ಕಕ್ಕೋಸ್ಕರ ಸಮಭಾಜಕ ವೃತ್ತದ ಮೇಲೆ ಇಟ್ಟುಕೊಂಡ ಒಂದು ಬಿಂದು. ಉಜ್ಜಯಿನಿ ಗ್ರೀನಿಚ್‌ನಿಂದ ಸುಮಾರು 75.77 ಡಿಗ್ರಿ ಪೂರ್ವಕ್ಕಿದೆ. ಹರಿಹರ ಸುಮಾರು 75.8. ಅಂದರೆ ಕೆಲವೇ ಕಿಲೋಮೀಟರ್ ವ್ಯತ್ಯಾಸ. ಆ ಗೆರೆಯೇ ಜಗತ್ತಿಗೆಲ್ಲ ಸೊನ್ನೆ ಆಗಿ ಉಳಿದಿದ್ದರೆ ಹರಿಹರ ಅಂಚಿನಲ್ಲಿ, ದಾವಣಗೆರೆ ಸುಮಾರು 16 ಕಿಲೋಮೀಟರ್ ಒಳಗೆ ಪೂರ್ವಾರ್ಧಗೋಳದಲ್ಲಿ, ಆ ಕಡೆ ರಾಣೆಬೆನ್ನೂರು ಪಶ್ಚಿಮಾರ್ಧಗೋಳದಲ್ಲಿ! ಬಸ್ಸು ಹತ್ತಿ ಅರ್ಧಗೋಳ ಬದಲಿಸಬಹುದಿತ್ತು.

ಬೇರೆ ದೇಶಗಳೂ ಸುಮ್ಮನೆ ಕೂತಿರಲಿಲ್ಲ. ಫ್ರಾನ್ಸ್‌ಗೆ ಪ್ಯಾರಿಸ್ಸೇ ಸೊನ್ನೆ. ಹಡಗು, ರೈಲು, ತಂತಿ ಸುದ್ದಿ ಜಾಸ್ತಿ ಆದಂತೆ ಒಬ್ಬೊಬ್ಬರ ನಕ್ಷೆ ಒಂದೊಂದು ಥರ ಇದ್ದರೆ ಕೆಲಸ ಕೆಡುತ್ತದೆ ಅಲ್ವಾ? 1884ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ 25 ದೇಶಗಳ ಪ್ರತಿನಿಧಿಗಳು ಕೂತರು. ಆ ಹೊತ್ತಿಗಾಗಲೇ ಜಗತ್ತಿನ ಹೆಚ್ಚಿನ ಹಡಗುಗಳು ಗ್ರೀನಿಚ್ ಲೆಕ್ಕದ ನಕ್ಷೆಗಳನ್ನೇ ಬಳಸುತ್ತಿದ್ದವು. ಗ್ರೀನಿಚ್ ಪರ 22 ಮತ, ವಿರುದ್ಧ 1, ಫ್ರಾನ್ಸ್ ಮತ್ತು ಬ್ರೆಜಿಲ್ ತಟಸ್ಥ. ಫ್ರಾನ್ಸ್ 1911ರವರೆಗೂ ಹಟ ಬಿಡಲಿಲ್ಲ. ಭಾರತದ ಮಾತು ಕೇಳುವ ಪ್ರಶ್ನೆಯೇ ಬರಲಿಲ್ಲ, ನಾವಾಗ ಬ್ರಿಟಿಷರ ಕೈಕೆಳಗಿದ್ದೆವು.

ದಾವಣಗೆರೆಗೂ ದುರ್ಗಕ್ಕೂ ಟೈಮ್ ವ್ಯತ್ಯಾಸ ಇದೆಯಾ?

ಗಡಿಯಾರದಲ್ಲಿ ಇಲ್ಲ, ಸೂರ್ಯನಲ್ಲಿ ಇದೆ. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ, ಒಂದು ಡಿಗ್ರಿಗೆ 4 ನಿಮಿಷ. ನಮ್ಮಿಬ್ಬರ ನಡುವೆ ಹೆಚ್ಚುಕಡಿಮೆ ಅರ್ಧ ಡಿಗ್ರಿ ರೇಖಾಂಶ. ಹಾಗಾಗಿ ಸೂರ್ಯ ದುರ್ಗದವರ ನೆತ್ತಿಗೆ ಸುಮಾರು 2 ನಿಮಿಷ ಮೊದಲು ಬರುತ್ತಾನೆ.

ಗಡಿಯಾರ ಮಾತ್ರ ದೇಶಕ್ಕೆಲ್ಲ ಒಂದೇ. 1906ರಿಂದ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ಭಾರತೀಯ ಸಮಯವಾಗಿ ಹಿಡಿದಿದ್ದಾರೆ. ಈ ಗೆರೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುತ್ತದೆ. ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ದಾವಣಗೆರೆ ಆ ಗೆರೆಯಿಂದ ಸುಮಾರು ಆರೂವರೆ ಡಿಗ್ರಿ ಪಶ್ಚಿಮಕ್ಕಿರುವುದರಿಂದ ನಮ್ಮ ಸೂರ್ಯ ಗಡಿಯಾರಕ್ಕಿಂತ ಸರಾಸರಿ 26 ನಿಮಿಷ ಹಿಂದೆ. ಮಧ್ಯಾಹ್ನ 12ಕ್ಕೆ ಸರಿಯಾಗಿ ಸೂರ್ಯ ನೆತ್ತಿಗೆ ಬರುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ.

ಹಳೇ ಸರ್ವೆ ನಕ್ಷೆ ಕೇಳಿದ್ರೆ ದಾವಣಗೆರೆಗೆ ಒಂದು ಹಾಳೆ, ದುರ್ಗಕ್ಕೆ ಬೇರೆ ಹಾಳೆ ಕೊಟ್ರು. ಅರವತ್ತು ಕಿಲೋಮೀಟರ್ ಅಷ್ಟೇ ಅಲ್ವಾ?

ಆ ಹಾಳೆಗಳಿಗೆ ಜಿಲ್ಲೆಯ ಗಡಿ ಲೆಕ್ಕಕ್ಕಿಲ್ಲ, ಡಿಗ್ರಿಯೇ ಗಡಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಪದ್ಧತಿಯಲ್ಲಿ 14ರಿಂದ 15 ಡಿಗ್ರಿ ಉತ್ತರ, 75ರಿಂದ 76 ಪೂರ್ವದ ಚೌಕಕ್ಕೆ 48ಎನ್ ಅಂತ ನಂಬರ್. ಅದರ ಪಕ್ಕದ 76ರಿಂದ 77ರ ಚೌಕಕ್ಕೆ 57ಬಿ. 76 ಡಿಗ್ರಿ ರೇಖಾಂಶ ನಮ್ಮಿಬ್ಬರ ನಡುವೆ ಹಾಯುತ್ತದೆ. ದಾವಣಗೆರೆಯಿಂದ ದುರ್ಗದ ಕಡೆ ಹೆದ್ದಾರಿ ಹಿಡಿದರೆ ಹತ್ತು–ಹನ್ನೆರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಅದನ್ನು ದಾಟಿರುತ್ತೀರಿ. ಬೋರ್ಡ್ ಏನೂ ಇಲ್ಲ. ಫೋನ್ ಹಿಡಿದುಕೊಂಡು ಕೂತರೆ 75.99 ಹೋಗಿ 76.00 ಆಗುವುದು ಕಾಣುತ್ತದೆ. ಗಾಡಿ ಓಡಿಸುವವರು ನೋಡಬೇಡಿ, ಪಕ್ಕದಲ್ಲಿ ಕೂತವರು ನೋಡಲಿ.

180 ಡಿಗ್ರಿ ಪೂರ್ವಾನಾ, ಪಶ್ಚಿಮಾನಾ? ದಿನಾಂಕ ರೇಖೆ ಯಾಕೆ ಸೊಟ್ಟಗಿದೆ?

180 ಡಿಗ್ರಿ ಎರಡಕ್ಕೂ ಗಡಿ. ಅದಕ್ಕೇ ಅದರ ಮುಂದೆ ಪೂರ್ವ, ಪಶ್ಚಿಮ ಅಂತ ಬರೆಯುವ ಅಗತ್ಯ ಇಲ್ಲ. ಫಿಜಿ ದೇಶದ ತವೆಯುನಿ ದ್ವೀಪದ ಮೇಲೆ ಅದು ಹಾಯುತ್ತದೆ. ಅರ್ಧಗೋಳದ ಗಡಿ ನೆಟ್ಟಗೇ ಇದೆ. ಸೊಟ್ಟಗಿರುವುದು ಅಂತರರಾಷ್ಟ್ರೀಯ ದಿನಾಂಕ ರೇಖೆ, ಅಂದರೆ ದಾಟಿದರೆ ದಿನಾಂಕ ಬದಲಾಗುವ ಗೆರೆ. ಒಂದೇ ದೇಶದಲ್ಲಿ ಒಂದು ಊರಿಗೆ ಸೋಮವಾರ, ಇನ್ನೊಂದಕ್ಕೆ ಭಾನುವಾರ ಆಗಬಾರದು ಅಂತ ಅದನ್ನು ಅಲ್ಲಲ್ಲಿ ಬಳಸಿ ಒಯ್ದಿದ್ದಾರೆ. ಕಿರಿಬಾಟಿ ದೇಶಕ್ಕೆ ಈ ಕಷ್ಟ ನಿಜವಾಗಿ ಇತ್ತು. 1995ರ ಜನವರಿಯಲ್ಲಿ ಅದು ತನ್ನ ಪೂರ್ವದ ದ್ವೀಪಗಳ ದಿನಾಂಕ ಬದಲಿಸಿತು, ರೇಖೆ ದೂರಕ್ಕೆ ಪೂರ್ವಕ್ಕೆ ಚಾಚಿಕೊಂಡಿತು.

ನಾಲ್ಕೂ ಅರ್ಧಗೋಳದಲ್ಲಿ ಇರೋ ದೇಶ ಯಾವುದು?

ಅದೇ ಕಿರಿಬಾಟಿ, ಅದೊಂದೇ. ಪೆಸಿಫಿಕ್‌ನಲ್ಲಿ ಸಮಭಾಜಕ ವೃತ್ತ ಮತ್ತು 180 ಡಿಗ್ರಿಯ ಆಚೀಚೆ ಅದರ ದ್ವೀಪಗಳು ಹರಡಿವೆ. ಖಂಡ ಕೇಳಿದರೆ ಆಫ್ರಿಕಾ.

## ಇನ್ನೂ ಸ್ವಲ್ಪ ಆಳಕ್ಕೆ

ಅಟ್ಲಾಸಿನ ಪೂರ್ವಾರ್ಧಗೋಳದ ಚಿತ್ರದಲ್ಲಿ ಇಡೀ ಆಫ್ರಿಕಾ ಇದೆ. ಸೊನ್ನೆ ರೇಖಾಂಶ ಆಫ್ರಿಕಾವನ್ನ ಕತ್ತರಿಸಬೇಕಲ್ವಾ?

ಒಳ್ಳೆಯ ಕಣ್ಣು. ಕತ್ತರಿಸಲೇಬೇಕು. ಸೊನ್ನೆ ರೇಖಾಂಶ ಇಂಗ್ಲೆಂಡ್, ಫ್ರಾನ್ಸ್, ಸ್ಪೇನ್ ದಾಟಿ ಅಲ್ಜೀರಿಯಾ, ಮಾಲಿ, ಬುರ್ಕಿನಾ ಫಾಸೊ, ಟೋಗೊ, ಘಾನಾದ ಮೇಲೆ ಹಾಯುತ್ತದೆ. ಆದರೆ ಹಾಗೆ ಕತ್ತರಿಸಿದ ಚಿತ್ರ ನೋಡಲು ಚೆನ್ನಾಗಿರುವುದಿಲ್ಲ. ಅದಕ್ಕೇ ಕೆಲವು ಅಟ್ಲಾಸ್‌ಗಳು 20 ಡಿಗ್ರಿ ಪಶ್ಚಿಮ ಮತ್ತು 160 ಡಿಗ್ರಿ ಪೂರ್ವದ ಗುಂಟ ಭಾಗ ಮಾಡುತ್ತವೆ. ಆಗ ಆಫ್ರಿಕಾ, ಯೂರೋಪಿನ ಮುಖ್ಯಭೂಮಿ ಒಂದೇ ಕಡೆ ಉಳಿಯುತ್ತವೆ. ಪೂರ್ವ–ಪಶ್ಚಿಮ ಒಪ್ಪಂದದ ವಿಷಯ ಆಗಿರುವುದರಿಂದಲೇ ಈ ಸರಾಗ ಸಾಧ್ಯ. ಸಮಭಾಜಕ ವೃತ್ತವನ್ನು ಹೀಗೆ ಅನುಕೂಲಕ್ಕೆ ಸರಿಸಿದ ಅಟ್ಲಾಸ್ ನಾನಂತೂ ಕಂಡಿಲ್ಲ. ಪರೀಕ್ಷೆಯಲ್ಲಿ ಮಾತ್ರ 0 ಮತ್ತು 180 ಅಂತಲೇ ಬರೆಯಿರಿ.

ಗ್ರೀನಿಚ್‌ನ ಗೆರೆ ಮೇಲೆ ನಿಂತು ಫೋನ್ ನೋಡಿದ್ರೆ ಸೊನ್ನೆ ಬರಲ್ವಂತೆ?

ಬರುವುದಿಲ್ಲ. ಫೋನಿನ ಸೊನ್ನೆ ಅಲ್ಲಿಂದ ಸುಮಾರು 102 ಮೀಟರ್ ಪೂರ್ವಕ್ಕಿದೆ. ಗ್ರೀನಿಚ್ ಖಗೋಳ ವೀಕ್ಷಣಾಲಯದ ಗೆರೆಯನ್ನು ಅಲ್ಲಿನ ಖಗೋಳಜ್ಞ ಜಾರ್ಜ್ ಏರಿ ಕೂರಿಸಿದ ದೂರದರ್ಶಕದ ಮೇಲೆ ಗುರುತಿಸಿದ್ದರು. ಆ ಉಪಕರಣಕ್ಕೆ ನೆಟ್ಟಗೆ ಅಂದರೆ ಅಲ್ಲಿನ ಗುರುತ್ವ ಎಳೆಯುವ ದಿಕ್ಕು. ಭೂಮಿಯ ಒಳಗಿನ ದ್ರವ್ಯ ಎಲ್ಲ ಕಡೆ ಒಂದೇ ಸಮ ಇಲ್ಲದ್ದರಿಂದ ಆ ದಿಕ್ಕು ಚೂರು ವಾಲಿರುತ್ತದೆ. ಉಪಗ್ರಹಗಳು ಭೂಮಿಯ ಕೇಂದ್ರವನ್ನು ಹಿಡಿದು ಲೆಕ್ಕ ಹಾಕುತ್ತವೆ. ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ.

ಉತ್ತರ, ದಕ್ಷಿಣ ಎರಡು ಅರ್ಧವೂ ಸಮಾನಾನಾ?

ವಿಸ್ತೀರ್ಣ ಸಮ. ಉಳಿದದ್ದು ಯಾವುದೂ ಅಲ್ಲ. ಭೂಮಿಯ ಒಟ್ಟು ನೆಲದಲ್ಲಿ ಮೂರರಲ್ಲಿ ಎರಡು ಪಾಲು ಉತ್ತರಾರ್ಧಗೋಳದಲ್ಲಿದೆ, ಹತ್ತರಲ್ಲಿ ಸುಮಾರು ಒಂಬತ್ತು ಜನ ಇಲ್ಲೇ ಇದ್ದಾರೆ. ದಕ್ಷಿಣಾರ್ಧಗೋಳದಲ್ಲಿ ನೂರಕ್ಕೆ ಸುಮಾರು 80 ಭಾಗ ನೀರು. ಬಿಸಿಲಿನ ದಿನಗಳಲ್ಲೂ ಹೆಚ್ಚುಕಡಿಮೆ ಇದೆ. ಸೂರ್ಯ ಸಮಭಾಜಕ ವೃತ್ತದ ಉತ್ತರಕ್ಕೆ ಸುಮಾರು 186 ದಿನ ಇರುತ್ತಾನೆ, ದಕ್ಷಿಣಕ್ಕೆ ಸುಮಾರು 179. ಜನವರಿ ಆಸುಪಾಸಿನಲ್ಲಿ ಸೂರ್ಯನಿಗೆ ಹತ್ತಿರ ಇರುವ ಭೂಮಿ ಬೇಗ ಓಡುತ್ತದೆ, ಅದಕ್ಕೇ ಈ ಏಳು ದಿನ.

ಇದನ್ನೆಲ್ಲ ಶಾಲೆಯಲ್ಲೇ ಅಳೆದು ನೋಡೋಕೆ ಆಗುತ್ತಾ?

ಆಗುತ್ತದೆ, ಅದೂ ಹರಿಹರದವರಿಗೆ ಒಂದು ವಿಶೇಷ ಅನುಕೂಲ ಇದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಎರಟೋಸ್ತನೀಸ್ ಅನ್ನುವ ಗ್ರೀಕ್ ವಿದ್ವಾಂಸ ಈಜಿಪ್ಟಿನ ಎರಡು ಊರುಗಳ ಮಧ್ಯಾಹ್ನದ ನೆರಳು ಹೋಲಿಸಿ ಭೂಮಿಯ ಸುತ್ತಳತೆ ಹೇಳಿದ. ಎರಡು ಊರೂ ಒಂದೇ ರೇಖಾಂಶದಲ್ಲಿದ್ದರೆ ಲೆಕ್ಕ ಸಲೀಸು, ಎರಡು ಕಡೆಯೂ ಸೂರ್ಯ ಒಟ್ಟಿಗೆ ನೆತ್ತಿಗೆ ಬರುತ್ತಾನೆ. ಹರಿಹರ, ಉಜ್ಜಯಿನಿ ಹಾಗೇ ಇವೆ.

ಉಜ್ಜಯಿನಿಯ ಒಂದು ಶಾಲೆಯ ಜೊತೆ ಮಾತಾಡಿಕೊಳ್ಳಿ. ಒಂದೇ ದಿನ ಇಬ್ಬರೂ ಒಂದು ಮೀಟರ್ ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ. ಮಧ್ಯಾಹ್ನ 12ರಿಂದ 1ರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿ, ತುಂಬ ಗಿಡ್ಡ ನೆರಳನ್ನು ಅಳೆಯಿರಿ. ಡಿಸೆಂಬರ್, ಜನವರಿ ಒಳ್ಳೆಯ ಕಾಲ: ಆಕಾಶ ಸ್ವಚ್ಛ, ನೆರಳು ಉದ್ದ, ಎರಡೂ ಕಡೆ ಉತ್ತರಕ್ಕೇ ಬೀಳುತ್ತದೆ. ನೆರಳು, ಕೋಲು ಎರಡನ್ನೂ ಅಳತೆಗೆ ತಕ್ಕಂತೆ ಹಾಳೆಯ ಮೇಲೆ ಬರೆದು ಕೋನಮಾಪಕದಿಂದ ಸೂರ್ಯ ಎಷ್ಟು ವಾಲಿದ್ದಾನೆ ಅಂತ ನೋಡಿ. ಎರಡು ಊರಿನ ಕೋನಗಳ ವ್ಯತ್ಯಾಸ 8.7 ಡಿಗ್ರಿ ಆಸುಪಾಸು ಬರಬೇಕು. ನಕ್ಷೆಯಲ್ಲಿ ನೇರ ದೂರ ಸುಮಾರು 960 ಕಿಲೋಮೀಟರ್. 360 ಅನ್ನು ನಿಮ್ಮ ವ್ಯತ್ಯಾಸದಿಂದ ಭಾಗಿಸಿ 960ರಿಂದ ಗುಣಿಸಿ. ಧ್ರುವಗಳ ಮೇಲೆ ಹಾದು ಭೂಮಿಯನ್ನು ಸುತ್ತಿದರೆ ನಿಜವಾದ ಅಳತೆ 40,008 ಕಿಲೋಮೀಟರ್. ಅರ್ಧ ಡಿಗ್ರಿ ತಪ್ಪಿದರೂ ಉತ್ತರ ಎರಡು ಸಾವಿರ ಕಿಲೋಮೀಟರ್ ಆಚೀಚೆ ಹೋಗುತ್ತದೆ, ಆದ್ದರಿಂದ ಕೋಲು ನೆಟ್ಟಗಿದೆಯಾ ಅನ್ನುವುದನ್ನು ಮೊದಲು ನೋಡಿಕೊಳ್ಳಿ.